ದೊಡ್ಡ ಶೆಡ್ಡಿನ ಹಳೇ ದೀಪ ಇಳಿಸಿ ಎಲ್‌ಇಡಿ ಹಾಕುವುದು ಹೇಗೆ: ತುಮಕೂರಿನ ಕಾರ್ಖಾನೆಯವರಿಗೆ ಸಮಗ್ರ ಮಾರ್ಗದರ್ಶಿ

ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರ, ತುಮಕೂರಿನ ಯಾವ ಕೈಗಾರಿಕಾ ಪ್ರದೇಶಕ್ಕೆ ಬೇಕಾದರೂ ಹೋಗಿ. ಮಧ್ಯಾಹ್ನ ಎರಡು ಗಂಟೆ, ಹೊರಗೆ ಕಣ್ಣು ಬಿಡೋಕೆ ಆಗದಷ್ಟು ಬಿಸಿಲು. ಒಳಗೆ ಕಾಲಿಟ್ಟರೆ ಶೀಟಿನ ಕೆಳಗೆ 400 ವ್ಯಾಟಿನ ಮೆಟಲ್ ಹಾಲೈಡ್ ದೀಪಗಳು ಸಾಲಾಗಿ ಉರಿಯುತ್ತಿರುತ್ತವೆ. ಇದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಬಿಸಿಲಿನಿಂದ ಕರೆಂಟ್ ತೆಗೆಯುತ್ತಿದೆ, ಇಲ್ಲಿ ನಾವು ಅದೇ ಬಿಸಿಲನ್ನು ಶೀಟಿನಿಂದ ಮುಚ್ಚಿ ಕರೆಂಟ್ ಸುಡುತ್ತಿದ್ದೇವೆ. ಇದು ನನಗೆ ನಿಜವಾಗಿಯೂ ನೋವು ಕೊಡುವ ವಿಷಯ.

ಇನ್ನೊಂದು ತೊಂದರೆ ನಿಮಗೂ ಗೊತ್ತು. ಕರೆಂಟ್ ಒಂದು ಕ್ಷಣ ಹೋಗಿ ಬರುತ್ತದೆ, ಮೆಷಿನ್ ಮತ್ತೆ ಶುರು ಮಾಡಬಹುದು, ಆದರೆ ಮೆಟಲ್ ಹಾಲೈಡ್ ದೀಪ ತಣ್ಣಗಾಗಿ ಮತ್ತೆ ಹತ್ತಿಕೊಳ್ಳೋಕೆ ಹತ್ತು ಹದಿನೈದು ನಿಮಿಷ ಬೇಕು. ಅಷ್ಟೂ ಹೊತ್ತು ಶೆಡ್ ಕತ್ತಲು. ರಾತ್ರಿ ಪಾಳಿಯಲ್ಲಿ ದಿನಕ್ಕೆ ಎರಡು ಸಲ ಹೀಗಾದರೆ ಎಷ್ಟು ಕೆಲಸ ಹೋಯಿತು, ಲೆಕ್ಕ ಹಾಕಿ.

ಹಾಗಾದರೆ ಎಲ್‌ಇಡಿ ಹಾಕಿಬಿಡೋಣ ಅಂತ ಎಲ್ಲರೂ ಹೇಳುತ್ತಾರೆ. ಹಾಕಬೇಕು ನಿಜ. ಆದರೆ 60 ಹಳೇದು ಇಳಿಸಿ ಅದೇ ಕೊಕ್ಕೆಗೆ 60 ಹೊಸದು ನೇತು ಹಾಕುವ ಕೆಲಸ ಇದಲ್ಲ. ಹಳೇ ದೀಪದ ಜಾಗ ಹದಿನೈದು ವರ್ಷದ ಹಿಂದೆ ಬೇರೆ ಮೆಷಿನ್‌ಗಳಿಗಾಗಿ ಯಾರೋ ಗುರುತು ಮಾಡಿದ್ದು. ಇವತ್ತು ಕೆಲಸ ನಡೆಯುವ ಜಾಗ ಬೇರೆ. ಬೆಳಕು ಬೇಕಾಗಿರುವುದು ಕೈ ಇರುವ ಜಾಗದಲ್ಲಿ, ಕೊಕ್ಕೆ ಇರುವ ಜಾಗದಲ್ಲಿ ಅಲ್ಲ. ಈ ಬರಹದಲ್ಲಿ ನಾನು ಹೇಳುವುದೆಲ್ಲ ಆ ಒಂದು ಮಾತಿನ ಸುತ್ತಲೇ ಇದೆ.

1. ಮೊದಲು ಇರುವುದನ್ನು ಎಣಿಸಿ

ಒಂದು ನೋಟ್‌ಬುಕ್ ಹಿಡಿದು ಶೆಡ್ ಪೂರ್ತಿ ಓಡಾಡಿ. ಯಾವ ಬೇಯಲ್ಲಿ (ಶೆಡ್ಡಿನ ಕಂಬಗಳ ನಡುವಿನ ಒಂದೊಂದು ಅಂಕಣ) ಎಷ್ಟು ದೀಪ, ಎಷ್ಟು ವ್ಯಾಟ್, ಎಷ್ಟು ಎತ್ತರ, ದಿನಕ್ಕೆ ಎಷ್ಟು ಗಂಟೆ ಉರಿಯುತ್ತದೆ, ಯಾವ ಎಂಸಿಬಿಯಿಂದ (ಲೋಡ್ ಜಾಸ್ತಿಯಾದರೆ ತಾನಾಗಿ ಬೀಳುವ ಸ್ವಿಚ್) ಬರುತ್ತದೆ, ಎಷ್ಟು ಕೆಟ್ಟಿವೆ. ಕೊನೆಯದನ್ನು ಮರೆಯಬೇಡಿ. 60 ದೀಪ ಇದೆ ಅಂತ ಹೇಳುವ ಶೆಡ್ಡಿನಲ್ಲಿ ಉರಿಯುವುದು 47 ಇರಬಹುದು. 60ಕ್ಕೆ ಉಳಿತಾಯ ಲೆಕ್ಕ ಹಾಕಿದರೆ ಬಿಲ್ ಬಂದಾಗ ಅಷ್ಟು ಇಳಿದಿರುವುದಿಲ್ಲ, ಆಮೇಲೆ ಎಲ್ಲರೂ ಎಲ್‌ಇಡಿಯನ್ನು ಬೈಯುತ್ತಾರೆ.

ವ್ಯಾಟ್ ಬರೆಯುವಾಗ ಚೋಕ್ ಎಳೆಯುವ ಕರೆಂಟನ್ನೂ ಸೇರಿಸಿ. 400 ವ್ಯಾಟಿನ ಮೆಟಲ್ ಹಾಲೈಡ್ ಚೋಕ್ ಸೇರಿ 430ರ ಆಸುಪಾಸು ಎಳೆಯುತ್ತದೆ, ಹಳೇದಾದರೆ ಇನ್ನೂ ಜಾಸ್ತಿ. 250 ವ್ಯಾಟಿನದು 275ರ ಮೇಲೆ. ದಪ್ಪ 40 ವ್ಯಾಟಿನ ಟ್ಯೂಬ್‌ಲೈಟ್ ತಾಮ್ರದ ಚೋಕ್ ಜೊತೆ 50 ದಾಟುತ್ತದೆ. ಅನುಮಾನ ಇದ್ದರೆ ಒಂದು ಫಿಟ್ಟಿಂಗ್‌ಗೆ ಪವರ್ ಮೀಟರ್ ಹಾಕಿ ನೋಡಿಬಿಡಿ, ಹತ್ತು ನಿಮಿಷದ ಕೆಲಸ.

ಆಗುವುದಾದರೆ ಲೈಟಿಂಗ್ ಡಿಬಿಗೆ, ಅಂದರೆ ದೀಪಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆಗೆ, ಒಂದು ಪ್ರತ್ಯೇಕ ಮೀಟರ್ ಕೂರಿಸಿ. ಒಂದು ವಾರದ ರೀಡಿಂಗ್ ಬರೆದಿಟ್ಟುಕೊಳ್ಳಿ. ಕಾರ್ಖಾನೆಯ ಒಟ್ಟು ಬಿಲ್‌ನಲ್ಲಿ ಮೋಟರ್, ಕಂಪ್ರೆಸರ್, ಫರ್ನೇಸ್ ಎಲ್ಲ ಸೇರಿರುತ್ತದೆ. ದೀಪದಿಂದ ಎಷ್ಟು ಉಳಿಯಿತು ಅಂತ ಅದರಲ್ಲಿ ಹುಡುಕೋಕೆ ಆಗಲ್ಲ.

2. ಲಕ್ಸ್ ಮೀಟರ್ ತಗೊಂಡು ರಾತ್ರಿ ಹೋಗಿ

ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. ಅಳೆಯೋಕೆ ರಾತ್ರಿಯೇ ಹೋಗಬೇಕು. ಹಗಲಲ್ಲಿ ಅಳೆದರೆ ಬಾಗಿಲು ಕಿಟಕಿಯ ಬೆಳಕೂ ಸೇರಿಬಿಡುತ್ತದೆ. ದೀಪ ಹಾಕಿ ಇಪ್ಪತ್ತು ನಿಮಿಷ ಬಿಡಿ, ಪೂರ್ತಿ ಬೆಳಗಲಿ. ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕೈದು ಮೀಟರಿಗೊಂದು ಗುರುತು ಹಾಕಿ. ಪ್ರತಿ ಗುರುತಿನಲ್ಲೂ ಮೀಟರನ್ನು ಮೇಜಿನ ಎತ್ತರಕ್ಕೆ, ಅಂದರೆ ನೆಲದಿಂದ ಸುಮಾರು 80 ಸೆಂಟಿಮೀಟರ್ ಮೇಲೆ, ಮಟ್ಟಸವಾಗಿ ಹಿಡಿಯಿರಿ. ನಿಮ್ಮ ನೆರಳು ಅದರ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ. ಬಂದ ಸಂಖ್ಯೆಯನ್ನು ಶೆಡ್ಡಿನ ನಕ್ಷೆಯ ಮೇಲೆಯೇ ಬರೆಯಿರಿ.

ಇದರ ಜೊತೆಗೆ, ನಿಜವಾಗಿ ಕೆಲಸ ನಡೆಯುವ ಜಾಗಗಳಲ್ಲೂ ಅಳೆಯಿರಿ. ಲೇತ್ ಚಕ್‌ನ ಮೇಲೆ, ಪ್ರೆಸ್‌ನ ಡೈ ಒಳಗೆ, ತಪಾಸಣೆ ಮೇಜಿನ ಮೇಲೆ, ಪ್ಯಾಕಿಂಗ್ ಮಾಡುವಲ್ಲಿ, ರ‍್ಯಾಕ್‌ಗಳ ನಡುವಿನ ಓಣಿಯಲ್ಲಿ, ಮೆಟ್ಟಿಲ ಮೇಲೆ. ನನ್ನ ಅನುಭವದಲ್ಲಿ ಇಲ್ಲಿಯೇ ಕಣ್ಣು ತೆರೆಯುತ್ತದೆ. ಓಡಾಡುವ ದಾರಿಯಲ್ಲಿ 350 ಲಕ್ಸ್ ಇರುತ್ತದೆ, ಹತ್ತು ಹೆಜ್ಜೆ ಆಚೆ ಪ್ರೆಸ್ ನಡೆಸುವವನ ಕೈಯ ಹತ್ತಿರ 90 ಇರುತ್ತದೆ, ಯಾಕೆಂದರೆ ಮೆಷಿನ್ನಿನ ತಲೆಯೇ ಬೆಳಕಿಗೆ ಅಡ್ಡ ನಿಂತಿರುತ್ತದೆ.

3. ಎಷ್ಟು ಬೆಳಕು ಬೇಕು?

ಇದಕ್ಕೆ ಭಾರತೀಯ ಮಾನಕ ಇದೆ, ಐಎಸ್ 3646. ಅದರಲ್ಲಿ ಪ್ರತಿ ಕೆಲಸಕ್ಕೂ ಮೂರು ಸಂಖ್ಯೆ ಕೊಟ್ಟಿದ್ದಾರೆ, ಕಡಿಮೆ, ಮಧ್ಯಮ, ಹೆಚ್ಚು. ಒರಟು ಜೋಡಣೆ ಕೆಲಸಕ್ಕೆ 200, 300, 500 ಲಕ್ಸ್. ಮಧ್ಯಮ ಜೋಡಣೆಗೆ 300, 500, 750. ಸೂಕ್ಷ್ಮ ಕೆಲಸಕ್ಕೆ 500, 750, 1000. ಸಾಮಾನ್ಯವಾಗಿ ನಡುವಿನ ಸಂಖ್ಯೆ ಹಿಡಿಯಿರಿ. ಕೆಲಸಗಾರರು ವಯಸ್ಸಾದವರಾಗಿದ್ದರೆ ಅಥವಾ ತಪ್ಪಾದರೆ ದೊಡ್ಡ ನಷ್ಟ ಆಗುವ ಕೆಲಸವಾಗಿದ್ದರೆ ಮೇಲಿನದಕ್ಕೆ ಹೋಗಿ.

1948ರ ಕಾರ್ಖಾನೆ ಕಾಯ್ದೆಯ 17ನೇ ಕಲಂ ಕೂಡ ಓದಿ (2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ). ಕೆಲಸ ನಡೆಯುವ, ಜನ ಓಡಾಡುವ ಕಡೆಯಲ್ಲೆಲ್ಲ ಸಾಕಷ್ಟು ಬೆಳಕು ಇರಬೇಕು, ಬೆಳಕು ಬರುವ ಕಿಟಕಿ, ಸೂರಿನ ಗಾಜು ಎರಡೂ ಕಡೆ ಶುದ್ಧವಾಗಿರಬೇಕು, ಕಣ್ಣು ಕುಕ್ಕುವ ಹೊಳಪು ಮತ್ತು ಅಪಾಯ ತರುವ ನೆರಳು ಆದಷ್ಟೂ ತಪ್ಪಿಸಬೇಕು ಅಂತ ಅದರಲ್ಲಿತ್ತು. ಬಿಲ್ ಉಳಿಸೋಕೆ ಅಂತ ಬೆಳಕನ್ನೇ ಕಡಿಮೆ ಮಾಡುವ ಹಾಗಿಲ್ಲ ಅಂತ ಇದರ ಅರ್ಥ.

ಇಡೀ ಶೆಡ್ಡಿಗೆ 500 ಲಕ್ಸ್ ಬೇಡ. ಇಡೀ ಶೆಡ್ಡಿಗೆ 200ರಿಂದ 300 ಕೊಟ್ಟು, ತಪಾಸಣೆ ಮೇಜಿಗೆ, ಟೂಲ್‌ರೂಮಿಗೆ ಅಲ್ಲಲ್ಲೇ ಕೆಳಗೆ ಪ್ರತ್ಯೇಕ ದೀಪ ಕೊಡಿ. ಮೇಲಿನಿಂದ 9 ಮೀಟರ್ ಎತ್ತರದಿಂದ 750 ಲಕ್ಸ್ ಸುರಿಸುವುದಕ್ಕೂ, ಮೇಜಿನ ಮೇಲೆ 20 ವ್ಯಾಟಿನ ಒಂದು ಬತ್ತಿ ಇಡುವುದಕ್ಕೂ ಖರ್ಚಿನಲ್ಲಿ ಅಜಗಜಾಂತರ.

4. ಹಗಲಿನ ಬೆಳಕನ್ನು ಮೊದಲು ಒಳಗೆ ಬಿಡಿ

ಹೊಸ ದೀಪಕ್ಕೆ ದುಡ್ಡು ಹಾಕುವ ಮೊದಲು ಸೂರು ನೋಡಿ. ಅಲ್ಲಲ್ಲಿ ಬೆಳಕಿಗೆ ಅಂತ ಹಾಕಿದ್ದ ಫೈಬರ್ ಶೀಟುಗಳು ಹಳದಿಯಾಗಿ, ಮೇಲೆ ಧೂಳು ಪಾಚಿ ಕಟ್ಟಿ ಕಪ್ಪಾಗಿರುತ್ತವೆ. ತೊಳೆದರೆ ಎಷ್ಟೋ ಬೆಳಕು ವಾಪಸ್ ಬರುತ್ತದೆ. ತೊಳೆದರೂ ಬರದಿದ್ದರೆ ಅಷ್ಟನ್ನು ಮಾತ್ರ ಪಾಲಿಕಾರ್ಬೊನೇಟ್ ಶೀಟಿಗೆ ಬದಲಾಯಿಸಿ. ಹಾಲಿನ ಬಣ್ಣದ್ದು, ಬೆಳಕನ್ನು ಹರಡುವಂಥದ್ದು ತಗೊಳ್ಳಿ. ಪೂರ್ತಿ ಪಾರದರ್ಶಕ ಶೀಟ್ ಹಾಕಿದರೆ ಬಿಸಿಲಿನ ಚೌಕ ನೇರವಾಗಿ ಮೆಷಿನ್ ಮೇಲೆ ಬಿದ್ದು ಕಣ್ಣು ಕುಕ್ಕುತ್ತದೆ, ಸೆಕೆಯೂ ಜಾಸ್ತಿ. ಸೂರಿನ ಒಳಭಾಗ, ಗೋಡೆ ಬಿಳಿ ಬಣ್ಣ ಕಂಡರೆ ಅದೇ ದೀಪ ಹೆಚ್ಚು ಬೆಳಕು ಕೊಟ್ಟ ಹಾಗೆ ಆಗುತ್ತದೆ. ಇದೆಲ್ಲ ಮಾಡಿ ಮುಗಿಸಿ, ಆಮೇಲೆ ದೀಪದ ಲೆಕ್ಕ.

5. ಎಷ್ಟು ಫಿಟ್ಟಿಂಗ್ ಬೇಕು ಅನ್ನೋ ಲೆಕ್ಕ

ಸೂತ್ರ ಸರಳ. ಬೇಕಾದ ಲಕ್ಸನ್ನು ಶೆಡ್ಡಿನ ಚದರ ಮೀಟರಿನಿಂದ ಗುಣಿಸಿ. ಅದನ್ನು ಒಂದು ಫಿಟ್ಟಿಂಗಿನ ಲ್ಯೂಮೆನ್ (ಅದರಿಂದ ಹೊರಬೀಳುವ ಒಟ್ಟು ಬೆಳಕು), ಬಳಕೆ ಅಂಶ ಮತ್ತು ನಿರ್ವಹಣೆ ಅಂಶ ಈ ಮೂರರ ಗುಣಲಬ್ಧದಿಂದ ಭಾಗಿಸಿ. ಬಳಕೆ ಅಂಶ ಅಂದರೆ ದೀಪದಿಂದ ಹೊರಟ ಬೆಳಕಿನಲ್ಲಿ ಕೆಲಸದ ಎತ್ತರಕ್ಕೆ ಮುಟ್ಟುವ ಪಾಲು. ನಿರ್ವಹಣೆ ಅಂಶ ಅಂದರೆ ಧೂಳು ಕೂತು, ದೀಪ ಹಳೇದಾಗಿ ಕಡಿಮೆಯಾದ ಮೇಲೂ ಉಳಿಯುವ ಪಾಲು.

ಒಂದು ಶೆಡ್ ತಗೊಳ್ಳೋಣ. 60 ಮೀಟರ್ ಉದ್ದ, 24 ಮೀಟರ್ ಅಗಲ, ಅಂದರೆ 1,440 ಚದರ ಮೀಟರ್. ಬೇಕಾಗಿರುವುದು 300 ಲಕ್ಸ್. ಎರಡನ್ನೂ ಗುಣಿಸಿದರೆ 4,32,000. ಹೊಸ ಹೈಬೇ (ಎತ್ತರದ ಸೂರಿಗೆ ಹಾಕುವ) ಫಿಟ್ಟಿಂಗ್ 150 ವ್ಯಾಟ್, ವ್ಯಾಟಿಗೆ 130 ಲ್ಯೂಮೆನ್, ಒಟ್ಟು 19,500 ಲ್ಯೂಮೆನ್. ಬಳಕೆ ಅಂಶ 0.7, ನಿರ್ವಹಣೆ ಅಂಶ 0.75 ಹಿಡಿದರೆ ಒಂದು ಫಿಟ್ಟಿಂಗಿನಿಂದ ಕೆಳಗೆ ಸಿಗುವುದು ಸುಮಾರು 10,240. ಭಾಗಿಸಿದರೆ 42 ಮತ್ತು ಸ್ವಲ್ಪ. ನಾಲ್ಕು ಸಾಲು, ಸಾಲಿಗೆ 11 ಅಂತ 44 ಹಾಕಿದರೆ ಆಯಿತು. ಅದೇ ಶೆಡ್ಡಿನಲ್ಲಿ ಮೊದಲು ನಾಲ್ಕು ಸಾಲು, ಸಾಲಿಗೆ 15ರಂತೆ 60 ಇದ್ದವು ಅನ್ನಿ. ಹದಿನಾರು ಫಿಟ್ಟಿಂಗ್ ಸುಮ್ನೆ ಕೊಳ್ಳುವುದು ತಪ್ಪಿತು.

ರೈಸ್ ಮಿಲ್ ಆದರೆ ನಿರ್ವಹಣೆ ಅಂಶ 0.75 ಹಿಡಿಯಬೇಡಿ, ತೌಡಿನ ಧೂಳು ವಾರದಲ್ಲೇ ಪದರ ಕಟ್ಟುತ್ತದೆ, 0.6 ಹಿಡಿಯಿರಿ. ಕೈಲೆಕ್ಕ ಅಂದಾಜಿಗೆ ಮಾತ್ರ. ದೀಪ ಮಾರುವವರ ಹತ್ತಿರ ಡಯಾಲಕ್ಸ್ ತಂತ್ರಾಂಶದಲ್ಲಿ ನಿಮ್ಮ ಶೆಡ್ಡಿನ ಅಳತೆ ಹಾಕಿ ನಕ್ಷೆ ಮಾಡಿಕೊಡಿ ಅಂತ ಕೇಳಿ. ಆ ನಕ್ಷೆಯಲ್ಲಿ ಸರಾಸರಿ ಲಕ್ಸ್ ಮಾತ್ರ ನೋಡಬೇಡಿ, ಅತಿ ಕಡಿಮೆ ಇರುವ ಜಾಗದ್ದನ್ನೂ ನೋಡಿ. ಕಡಿಮೆಯದನ್ನು ಸರಾಸರಿಯಿಂದ ಭಾಗಿಸಿದರೆ 0.6ಕ್ಕಿಂತ ಕೆಳಗೆ ಬಂದರೆ ನಾನು ವಾಪಸ್ ಕಳಿಸುತ್ತೇನೆ.

ಬೆಳಕಿನ ಕೋನವೂ ಮುಖ್ಯ. 6 ಮೀಟರ್ ಒಳಗಿನ ಸೂರಿಗೆ 120 ಡಿಗ್ರಿ ಸರಿ. 8ರಿಂದ 10 ಮೀಟರಿಗೆ 90. ಅದಕ್ಕಿಂತ ಎತ್ತರಕ್ಕೆ 60. ಎತ್ತರದ ರ‍್ಯಾಕ್‌ಗಳ ಓಣಿಗೆ ಉದ್ದಕ್ಕೆ ಹರಡುವ, ಅಗಲಕ್ಕೆ ಕಿರಿದಾದ ಲೆನ್ಸ್ ಸಿಗುತ್ತದೆ, ಅದನ್ನೇ ಕೇಳಿ. ಇಲ್ಲವಾದರೆ ಬೆಳಕೆಲ್ಲ ರ‍್ಯಾಕಿನ ತಲೆ ಮೇಲೆ ಕೂರುತ್ತದೆ.

6. ಫಿಟ್ಟಿಂಗ್ ಆರಿಸುವುದು

ಇಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಹೆಚ್ಚಿನ ದುಡ್ಡು ಹಾಳಾಗುವುದು ಇಲ್ಲಿಯೇ.

ಹಳೇ ಮೆಟಲ್ ಹಾಲೈಡ್ ಫಿಟ್ಟಿಂಗ್ ಹಾಗೇ ಇಟ್ಟು ಒಳಗಿನ ಬಲ್ಬ್ ಜಾಗಕ್ಕೆ ಜೋಳದ ತೆನೆ ಆಕಾರದ ಎಲ್‌ಇಡಿ ಬಲ್ಬ್ ತಿರುಗಿಸುವ ಕೆಲಸಕ್ಕೆ ಹೋಗಬೇಡಿ. ಅಗ್ಗ ಅನ್ನಿಸುತ್ತದೆ. ಮುಚ್ಚಿದ ಡಬ್ಬದೊಳಗೆ ಶಾಖ ಹೊರಹೋಗದೆ ಬೇಗ ಸಾಯುತ್ತದೆ, ಹೋಲ್ಡರಿನ ಮೇಲೆ ಭಾರವೂ ಜಾಸ್ತಿ, ಹಳೇ ರಿಫ್ಲೆಕ್ಟರ್ ಅದಕ್ಕೆ ಹೊಂದುವುದೂ ಇಲ್ಲ. ಟ್ಯೂಬ್‌ಲೈಟ್ ಪಟ್ಟಿಗೆ ಎಲ್‌ಇಡಿ ಟ್ಯೂಬ್ ಹಾಕುವುದು ಪರವಾಗಿಲ್ಲ, ಆದರೆ ಚೋಕ್, ಸ್ಟಾರ್ಟರ್, ಕೆಪಾಸಿಟರ್ ಮೂರೂ ತೆಗೆದು ವೈರ್ ನೇರ ಮಾಡಿ, "ಇಲ್ಲಿ ಎಲ್‌ಇಡಿ ಟ್ಯೂಬ್ ಮಾತ್ರ" ಅಂತ ಪಟ್ಟಿ ಅಂಟಿಸಿ. ಮುಂದೆ ಯಾರಾದರೂ ಗೊತ್ತಿಲ್ಲದೆ ಹಳೇ ಟ್ಯೂಬ್ ಸಿಕ್ಕಿಸಬಾರದು ಅಲ್ವಾ?

ಫಿಟ್ಟಿಂಗ್ ಕೊಳ್ಳುವಾಗ ವ್ಯಾಟ್ ಕೇಳಬೇಡಿ, ಲ್ಯೂಮೆನ್ ಕೇಳಿ. ಅದೂ ಒಳಗಿನ ಎಲ್‌ಇಡಿ ಚಿಪ್ಪಿನ (ಬೆಳಕು ಕೊಡುವ ಸಣ್ಣ ಬಿಲ್ಲೆಯ) ಲ್ಯೂಮೆನ್ ಅಲ್ಲ, ಫಿಟ್ಟಿಂಗಿನಿಂದ ಹೊರಬೀಳುವ ಲ್ಯೂಮೆನ್. ಇದಕ್ಕೆ ಎಲ್‌ಎಂ-79 ಪರೀಕ್ಷೆಯ ವರದಿ ಇರುತ್ತದೆ. ಚಿಪ್ಪಿನ ಬೆಳಕು ಎಷ್ಟು ಗಂಟೆಗೆ ಎಷ್ಟು ಇಳಿಯುತ್ತದೆ ಅನ್ನೋದಕ್ಕೆ ಎಲ್‌ಎಂ-80 ವರದಿ. ಎರಡನ್ನೂ ಕೈಗೆ ಕೊಡದವರ ಹತ್ತಿರ ಕೊಳ್ಳಬೇಡಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಗುರುತನ್ನು ಫಿಟ್ಟಿಂಗಿನ ಮೇಲೂ, ಚಿಪ್ಪಿಗೆ ತಕ್ಕ ಕರೆಂಟ್ ಕೊಡುವ ಡ್ರೈವರಿನ ಮೇಲೂ ನೋಡಿ. "50,000 ಗಂಟೆ ಬಾಳಿಕೆ" ಅಂದರೆ ಅಷ್ಟು ಗಂಟೆಗೆ ದೀಪ ಸಾಯುತ್ತದೆ ಅಂತಲ್ಲ, ಬೆಳಕು ಹೊಸದರ ಶೇಕಡಾ 70ಕ್ಕೆ ಇಳಿಯುತ್ತದೆ ಅಂತ.

ಆದರೆ ಚಿಪ್ಪಿಗಿಂತ ಮೊದಲು ಸಾಯುವುದು ಡ್ರೈವರ್. ಅದರೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗೆ ಶಾಖವೇ ಶತ್ರು. ಸುತ್ತಲಿನ ಶಾಖ 10 ಡಿಗ್ರಿ ಏರಿದರೆ ಅದರ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಏಪ್ರಿಲ್‌ನಲ್ಲಿ ತಗಡು ಶೀಟಿನ ಕೆಳಗೆ ಒಂದು ಅಡಿ ಜಾಗದಲ್ಲಿ ಕೈ ಇಟ್ಟು ನೋಡಿ, ಗೊತ್ತಾಗುತ್ತದೆ. ಹಾಗಾಗಿ 50 ಡಿಗ್ರಿ ತಡೆಯುವ ಫಿಟ್ಟಿಂಗ್ ಕೇಳಿ, ಶೀಟಿಗೆ ಅಂಟಿಸದೆ ಚೈನಿನಲ್ಲಿ ಒಂದೆರಡು ಅಡಿ ಇಳಿಬಿಡಿ, ಡ್ರೈವರ್ ಬೇರೆಯಾಗಿ ಬಿಚ್ಚಿ ಬದಲಾಯಿಸುವ ಹಾಗಿರಲಿ.

ಇನ್ನು ವೋಲ್ಟೇಜ್. ಕೆಲವು ವರ್ಷದ ಹಿಂದೆ ನಾವೇ ದೀಪ ಹಾಕಿದ್ದ ಒಂದು ಶೆಡ್ಡಿನಲ್ಲಿ ಒಂದೇ ಬೆಳಿಗ್ಗೆ ಹತ್ತೊಂಬತ್ತು ಫಿಟ್ಟಿಂಗ್ ಸತ್ತವು. ಮಾಲು ಕೆಟ್ಟದ್ದು ಅಂತ ಎಲ್ಲರೂ ಅಂದರು. ಹುಡುಕಿದರೆ ಡಿಬಿಯ ಒಳಗೆ ನ್ಯೂಟ್ರಲ್ ಬೋಲ್ಟ್ ಸಡಿಲವಾಗಿ ಕಪ್ಪಾಗಿತ್ತು. ನ್ಯೂಟ್ರಲ್ ಬಿಟ್ಟಾಗ ಮೂರು ಫೇಸಿನ ಲೋಡ್ ಸಮ ಇಲ್ಲದಿದ್ದರೆ ಒಂದು ಫೇಸಿನ ದೀಪಕ್ಕೆ 230 ಬದಲು 340, 380 ವೋಲ್ಟ್ ಹೋಗುತ್ತದೆ. ಮಾರಿದವರು ವಾರಂಟಿ ಕೊಡಲಿಲ್ಲ, ಕಾಗದದಲ್ಲಿ ವೋಲ್ಟೇಜ್ ಮಿತಿ ಸಣ್ಣಕ್ಷರದಲ್ಲಿ ಬರೆದಿದ್ದರು. ಅವತ್ತಿನಿಂದ ನಾನು ಎರಡು ಷರತ್ತು ಬಿಡುವುದಿಲ್ಲ. ಡ್ರೈವರ್ 440 ವೋಲ್ಟ್ ಬಂದರೂ ತಾನಾಗಿ ಕಟ್ ಆಗಿ ಮತ್ತೆ ಸರಿಹೋಗುವಂಥದ್ದಿರಬೇಕು. ಕೆಲಸಕ್ಕೆ ಮೊದಲು ಪ್ರತಿ ಡಿಬಿಯ ನ್ಯೂಟ್ರಲ್ ಬೋಲ್ಟ್ ನಾನೇ ಕೈಯಾರೆ ಬಿಗಿ ಮಾಡಿ ನೋಡಬೇಕು. ಸಿಡಿಲಿನ ಹೊಡೆತಕ್ಕೆ ಫಿಟ್ಟಿಂಗಿನೊಳಗೆ 4 ಕಿಲೋವೋಲ್ಟ್ ರಕ್ಷಣೆ ಇದ್ದರೆ ಸಾಲದು, ಡಿಬಿಯಲ್ಲಿ ಪ್ರತ್ಯೇಕ ಸರ್ಜ್ ರಕ್ಷಕ ಹಾಕಿ. ಬಯಲಲ್ಲಿ ಒಂಟಿಯಾಗಿ ನಿಂತ ಶೆಡ್ಡುಗಳಿಗೆ ಮುಂಗಾರಿನ ಮೊದಲ ಮಳೆಯಲ್ಲಿ ಇದು ತುಂಬಾ ಬೇಕಾಗುತ್ತದೆ.

ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.95ರ ಮೇಲೆ, ಹಾರ್ಮೋನಿಕ್ಸ್ (ಕರೆಂಟಿನ ಅಲೆ ಕೆಡುವ ಪ್ರಮಾಣ) ಶೇಕಡಾ 15ರ ಕೆಳಗೆ ಅಂತ ಬರೆಸಿಕೊಳ್ಳಿ. ಹೈಟೆನ್ಷನ್ (ಹೆಚ್ಚಿನ ವೋಲ್ಟೇಜಿನಲ್ಲಿ ಕರೆಂಟ್ ಪಡೆಯುವ) ಗ್ರಾಹಕರಿಗೆ ಪವರ್ ಫ್ಯಾಕ್ಟರ್ 0.90ಕ್ಕಿಂತ ಇಳಿದರೆ ಬೆಸ್ಕಾಂ ಬಿಲ್‌ನಲ್ಲಿ ಹೆಚ್ಚುವರಿ ಶುಲ್ಕ ಬೀಳುತ್ತದೆ.

ತಿರುಗುವ ಮೆಷಿನ್ ಇರುವವರು ಮಿನುಗು ಇಲ್ಲದ ಡ್ರೈವರ್ ಕೇಳಲೇಬೇಕು. ಅಗ್ಗದ ಡ್ರೈವರಿನಲ್ಲಿ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ಗೊತ್ತಾಗಲ್ಲ, ಆದರೆ ಅದರ ತಾಳಕ್ಕೆ ಸರಿಯಾಗಿ ತಿರುಗುವ ಲೇತ್ ಚಕ್ ನಿಂತ ಹಾಗೆ ಕಾಣುತ್ತದೆ. ಯಾರಾದರೂ ಕೈ ಇಟ್ಟರೆ ಕೈಯೇ ಹೋಗುತ್ತದೆ. ಮೊಬೈಲ್ ಕ್ಯಾಮೆರಾದಲ್ಲಿ ನಿಧಾನ ಚಲನೆ ಇಟ್ಟು ದೀಪ ನೋಡಿದರೆ ಮಿನುಗು ಇದೆಯೋ ಇಲ್ಲವೋ ತಿಳಿಯುತ್ತದೆ.

ಬಣ್ಣ 5000ದಿಂದ 5700 ಕೆಲ್ವಿನ್ ಸಾಕು. ಬಣ್ಣ ಹೊಂದಿಸುವ ಕೆಲಸ, ಪೇಂಟ್, ಗಾರ್ಮೆಂಟ್ ತಪಾಸಣೆ ಇದ್ದರೆ ಸಿಆರ್‌ಐ (ಬಣ್ಣವನ್ನು ಇದ್ದ ಹಾಗೇ ತೋರಿಸುವ ಅಳತೆ) 90, ಉಳಿದದ್ದಕ್ಕೆ 80 ಇದ್ದರೆ ಚೆನ್ನ.

ಕೆಲಸಕ್ಕೆ ತಕ್ಕ ಹಾಗೆ ಇನ್ನೂ ಕೆಲವು. ರೈಸ್ ಮಿಲ್, ಮಸಾಲೆ, ಹಿಟ್ಟಿನ ಧೂಳು ಇರುವಲ್ಲಿ ಐಪಿ 65 (ಧೂಳು, ನೀರು ಒಳಗೆ ಹೋಗದ ದರ್ಜೆ) ಇರಬೇಕು, ಹಿಂಭಾಗದಲ್ಲಿ ಶಾಖ ಹೊರಬಿಡುವ ಹೀಟ್‌ಸಿಂಕ್ ಪದರ ಪದರವಾಗಿ ಧೂಳು ಹಿಡಿಯುವಂತಿರದೆ ಧೂಳು ಜಾರಿಬೀಳುವ ಹಾಗಿರಬೇಕು. ಆಹಾರ ತಯಾರಿಸುವ ಕಡೆ ಗಾಜು ಬೇಡ, ಒಡೆಯದ ಪಾಲಿಕಾರ್ಬೊನೇಟ್ ಮುಚ್ಚಳ ಇರಲಿ. ದ್ರಾವಕದಿಂದ ಎಣ್ಣೆ ತೆಗೆಯುವ ಘಟಕ, ಥಿನ್ನರ್ ಇಡುವ ಕೋಣೆ, ಇಲ್ಲಿಗೆಲ್ಲ ಸಾಮಾನ್ಯ ಎಲ್‌ಇಡಿ ಹಾಕಲೇಬಾರದು, ಪರೀಕ್ಷೆಯಾಗಿ ಪ್ರಮಾಣಪತ್ರ ಇರುವ ಫ್ಲೇಮ್‌ಪ್ರೂಫ್ (ಒಳಗಿನ ಕಿಡಿಯಿಂದ ಹೊರಗೆ ಬೆಂಕಿ ಹತ್ತದ) ಫಿಟ್ಟಿಂಗೇ ಬೇಕು. ಹುಣಸೆಹಣ್ಣಿನ ಕೋಲ್ಡ್ ಸ್ಟೋರೇಜ್ ಇಟ್ಟಿರುವವರಿಗೆ ಲಾಭ ಎರಡು ಪಟ್ಟು. ಒಳಗೆ ಉರಿಯುವ ದೀಪದ ಪ್ರತಿ ವ್ಯಾಟೂ ಕೊನೆಗೆ ಶಾಖವೇ, ಅದನ್ನು ಹೊರಹಾಕೋಕೆ ಕಂಪ್ರೆಸರ್ ಮತ್ತೆ ಕರೆಂಟ್ ತಿನ್ನುತ್ತದೆ.

7. ವೈರಿಂಗ್ ಮತ್ತು ಡಿಬಿ

ಲೋಡ್ ಕಡಿಮೆ ಆಗುತ್ತದಲ್ಲ, ಹಳೇ ವೈರಿಂಗ್ ಸಾಕು ಅಂತ ಬಿಡಬೇಡಿ. ಮೆಟಲ್ ಹಾಲೈಡ್ ಶಾಖಕ್ಕೆ ಫಿಟ್ಟಿಂಗ್ ಹತ್ತಿರದ ವೈರಿನ ಹೊದಿಕೆ ಒಣಗಿ ಪುಡಿಯಾಗಿರುತ್ತದೆ. ಕೊನೆಯ ಒಂದೆರಡು ಮೀಟರ್ ಹೊಸದು ಹಾಕಿ. ಇನ್ಸುಲೇಷನ್ ಪರೀಕ್ಷೆಗೆ ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ನೋಡುವ ಮೀಟರ್) ಹಾಕುವಾಗ ಎಲ್‌ಇಡಿ ಫಿಟ್ಟಿಂಗ್‌ಗಳನ್ನು ಬಿಚ್ಚಿಟ್ಟೇ ಹಾಕಿ, ಇಲ್ಲದಿದ್ದರೆ ಡ್ರೈವರ್ ಹೋಗುತ್ತದೆ ಅಥವಾ ರೀಡಿಂಗ್ ಸುಳ್ಳು ಬರುತ್ತದೆ. ಅರ್ಥಿಂಗ್ ಪ್ರತಿ ಫಿಟ್ಟಿಂಗಿಗೂ ಮುಟ್ಟಿರಲಿ.

ಎಲ್‌ಇಡಿ ಡ್ರೈವರ್ ಆನ್ ಆಗುವ ಕ್ಷಣದಲ್ಲಿ ಒಮ್ಮೆಲೇ ತುಂಬಾ ಕರೆಂಟ್ ಎಳೆಯುತ್ತದೆ. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು, ಆದರೆ ಇಪ್ಪತ್ತು ಫಿಟ್ಟಿಂಗ್ ಒಂದೇ ಎಂಸಿಬಿಯಲ್ಲಿದ್ದರೆ ಅದು ಟ್ರಿಪ್ ಆಗುತ್ತದೆ. ಇಂಥ ಕ್ಷಣದ ಏರಿಕೆ ತಡೆದುಕೊಳ್ಳುವ ಸಿ ಕರ್ವ್ ಎಂಸಿಬಿ ಹಾಕಿ, ಒಂದಕ್ಕೆ ಎಷ್ಟು ಫಿಟ್ಟಿಂಗ್ ಅಂತ ಡ್ರೈವರ್ ತಯಾರಿಸಿದವರ ಕಾಗದದಲ್ಲಿರುತ್ತದೆ, ಅಷ್ಟೇ ಹಾಕಿ. ಮೂರನೇ ಹಾರ್ಮೋನಿಕ್ ಕರೆಂಟ್ ನ್ಯೂಟ್ರಲ್‌ನಲ್ಲಿ ಕೂಡಿಕೊಳ್ಳುತ್ತದೆ, ಹಾಗಾಗಿ ನ್ಯೂಟ್ರಲ್ ವೈರ್ ಫೇಸಿಗಿಂತ ತೆಳ್ಳಗಿರಬಾರದು.

ಹಳೇ ಚೋಕ್‌ಗಳಿಗೆ ಅಂತ ಯಾವಾಗಲೂ ಆನ್ ಇರುವ ಕೆಪಾಸಿಟರ್ ಹಾಕಿದ್ದರೆ ಅದನ್ನು ಮರೆತುಬಿಡಬೇಡಿ. ಚೋಕ್ ಹೋದ ಮೇಲೆ ಅದು ಪವರ್ ಫ್ಯಾಕ್ಟರನ್ನು ಲೀಡಿಂಗ್ ಕಡೆ, ಅಂದರೆ ಚೋಕ್ ಎಳೆಯುವುದರ ವಿರುದ್ಧ ದಿಕ್ಕಿಗೆ, ತಳ್ಳುತ್ತದೆ. ಪವರ್ ಫ್ಯಾಕ್ಟರನ್ನು ತಾನಾಗಿ ಸರಿಮಾಡುವ ಎಪಿಎಫ್‌ಸಿ ಪ್ಯಾನೆಲ್ ಸೆಟ್ಟಿಂಗ್ ಮತ್ತೆ ನೋಡಿಸಿ.

8. ಸ್ವಿಚ್ ವಿಂಗಡಣೆ

ಒಂದು ಸ್ವಿಚ್ಚಿಗೆ ಇಡೀ ಶೆಡ್ ಉರಿಯುವ ಹಾಗಿದ್ದರೆ ಎಂಥ ದೀಪ ಹಾಕಿದರೂ ಅರ್ಧ ವ್ಯರ್ಥ. ಕಿಟಕಿಗೆ, ಬೆಳಕಿನ ಶೀಟಿಗೆ ಹತ್ತಿರದ ಸಾಲು ಬೇರೆ, ನಡುವಿನ ಸಾಲು ಬೇರೆ, ರಾತ್ರಿ ಓಡಾಟಕ್ಕೆ ಬೇಕಾದ ನಾಲ್ಕು ದೀಪ ಬೇರೆ. ಹಗಲು ಬೆಳಕಿನ ಸಾಲಿಗೆ ಫೋಟೋ ಸೆನ್ಸರ್, ಊಟದ ವೇಳೆಗೆ ಟೈಮರ್. ಗೋದಾಮಿನ ಓಣಿಗಳಿಗೆ ಚಲನೆ ಸೆನ್ಸರ್ ಹಾಕಿ, ಯಾರೂ ಇಲ್ಲದಾಗ ಪೂರ್ತಿ ಆರದೆ ಶೇಕಡಾ 20ಕ್ಕೆ ಇಳಿಯುವ ಹಾಗೆ ಮಾಡಿ. ಪೂರ್ತಿ ಕತ್ತಲಾದರೆ ಫೋರ್ಕ್‌ಲಿಫ್ಟ್ ಓಡಿಸುವವರು ಹೆದರಿ ಸೆನ್ಸರನ್ನೇ ಕಿತ್ತು ಹಾಕುತ್ತಾರೆ, ಅವರ ತಪ್ಪೂ ಅಲ್ಲ. ಮೆಷಿನ್ ನಡೆಯುವ ಜಾಗಕ್ಕೆ ಚಲನೆ ಸೆನ್ಸರ್ ಬೇಡವೇ ಬೇಡ. ಹೊರಹೋಗುವ ದಾರಿಗೆ, ಮೆಟ್ಟಿಲಿಗೆ ಬ್ಯಾಟರಿ ಇರುವ ತುರ್ತು ದೀಪ ಪ್ರತ್ಯೇಕವಾಗಿರಲಿ.

9. ನಾಲ್ಕು ಹಾಕಿ, ಒಂದು ವಾರ ನೋಡಿ

ಪೂರ್ತಿ ಆರ್ಡರ್ ಕೊಡುವ ಮುಂಚೆ ಒಂದು ಬೇಯಲ್ಲಿ ನಾಲ್ಕು ಫಿಟ್ಟಿಂಗ್ ಹಾಕಿಸಿ. ಮತ್ತೆ ಲಕ್ಸ್ ಅಳೆಯಿರಿ. ಆಮೇಲೆ ಅಲ್ಲಿ ಕೆಲಸ ಮಾಡುವವರನ್ನು ಕೇಳಿ. ಒಂದು ಕಡೆ ಹೀಗೆ ಹಾಕಿ ಮೀಟರಿನಲ್ಲಿ 600 ಬಂತು ಅಂತ ನಾವು ಖುಷಿಯಾಗಿದ್ದೆವು. ತಪಾಸಣೆ ಮೇಜಿನ ಅಕ್ಕ ಒಬ್ಬರು ಬಂದು, "ಸರ್, ಬೆಳಕೇನೋ ಜಾಸ್ತಿ ಆಯ್ತು, ಆದ್ರೆ ಗೀರು ಕಾಣ್ತಾ ಇಲ್ಲ" ಅಂದರು. ಅವರು ಹೇಳಿದ್ದು ಸರಿ. ನೇರ ಮೇಲಿನಿಂದ ಬೀಳುವ ಬೆಳಕು ಹೊಳೆಯುವ ಲೋಹದ ಮೇಲೆ ಪ್ರತಿಫಲಿಸಿ ಗೀರನ್ನೇ ಮುಚ್ಚಿಬಿಡುತ್ತದೆ. ಪಕ್ಕದಿಂದ, ತಗ್ಗಿನ ಕೋನದಲ್ಲಿ ಬೀಳುವ ಬೆಳಕಿಗೆ ಗೀರು ನೆರಳು ಬಿಟ್ಟು ಎದ್ದು ಕಾಣುತ್ತದೆ. ಮೇಲಿನ ಬೆಳಕು ಸ್ವಲ್ಪ ಇಳಿಸಿ ಮೇಜಿನ ಪಕ್ಕಕ್ಕೆ ಒಂದು ಸಣ್ಣ ಪಟ್ಟಿ ದೀಪ ಹಾಕಿಕೊಟ್ಟೆವು. ಅವರನ್ನು ಕೇಳದೆ ನೂರು ಫಿಟ್ಟಿಂಗ್ ಏರಿಸಿದ್ದರೆ ಗೀರಿನ ಮಾಲು ಗ್ರಾಹಕರವರೆಗೂ ಹೋಗುತ್ತಿತ್ತು.

ಕ್ರೇನ್ ನಡೆಸುವವರನ್ನೂ ಕೇಳಿ. ಅವರ ಕಣ್ಣು ದೀಪಗಳಿಗೆ ತುಂಬಾ ಹತ್ತಿರ ಇರುತ್ತದೆ, ಮೇಲೆ ನೋಡಿದರೆ ಕಣ್ಣು ಕುಕ್ಕುತ್ತದೆಯೇ ಅಂತ ಅವರೇ ಹೇಳಬೇಕು.

10. ದುಡ್ಡಿನ ಲೆಕ್ಕ

ಮೇಲಿನ ಶೆಡ್ಡನ್ನೇ ತಗೊಳ್ಳೋಣ. ಎರಡು ಪಾಳಿ, ದಿನಕ್ಕೆ 16 ಗಂಟೆ, ವರ್ಷಕ್ಕೆ 300 ದಿನ, ಒಟ್ಟು 4,800 ಗಂಟೆ. ಹಳೇ 60 ದೀಪ (ಎಲ್ಲವೂ ಉರಿಯುತ್ತಿವೆ ಅನ್ನಿ), ತಲಾ 430 ವ್ಯಾಟ್, 25.8 ಕಿಲೋವ್ಯಾಟ್, ವರ್ಷಕ್ಕೆ 1,23,840 ಯೂನಿಟ್. ಹೊಸ 44, ತಲಾ 150 ವ್ಯಾಟ್, 6.6 ಕಿಲೋವ್ಯಾಟ್, 31,680 ಯೂನಿಟ್. ಉಳಿತಾಯ 92,160 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಅಂತ ಇಟ್ಟುಕೊಂಡರೆ ವರ್ಷಕ್ಕೆ 6,45,120 ರೂಪಾಯಿ.

ಖರ್ಚಿನ ಕಡೆ ಫಿಟ್ಟಿಂಗ್ ತಲಾ 8,000 ಅಂದರೆ 3,52,000. ವೈರಿಂಗ್, ಜಾಗ ಬದಲಾವಣೆ, ಲಿಫ್ಟ್ ಬಾಡಿಗೆ, ಕೂಲಿ ಎಲ್ಲ ಸೇರಿ 1,20,000 ಇಡಿ. ಒಟ್ಟು 4,72,000. ಒಂಬತ್ತು ತಿಂಗಳೊಳಗೆ ಹಾಕಿದ ದುಡ್ಡು ವಾಪಸ್. ನಿಮ್ಮ ದರ, ನಿಮ್ಮ ಗಂಟೆ ಹಾಕಿ ಮತ್ತೆ ಲೆಕ್ಕ ಮಾಡಿ. ಒಂದೇ ಪಾಳಿ ನಡೆಸುವವರಿಗೆ ಹೆಚ್ಚುಕಡಿಮೆ ಎರಡರಷ್ಟು ಸಮಯ ಬೇಕು, ಅದನ್ನು ಮುಚ್ಚಿಡಬಾರದು.

ಬಿಲ್‌ನಲ್ಲಿ ಯೂನಿಟ್ ಮಾತ್ರ ಅಲ್ಲ, ಕೆವಿಎ ಲೆಕ್ಕದ ಬೇಡಿಕೆ ಶುಲ್ಕವೂ (ಎಷ್ಟು ಲೋಡ್ ಎಳೆಯುತ್ತೀರಿ ಅನ್ನೋದರ ಮೇಲೆ ಬೀಳುವ ಶುಲ್ಕ) ಇದೆ. ದೀಪದ ಲೋಡ್ 19 ಕಿಲೋವ್ಯಾಟ್ ಇಳಿದಿದೆ. ಆರು ತಿಂಗಳು ಗರಿಷ್ಠ ಬೇಡಿಕೆ ನೋಡಿ, ನಿಜವಾಗಿಯೂ ಇಳಿದಿದ್ದರೆ ಬೆಸ್ಕಾಂಗೆ ಅರ್ಜಿ ಹಾಕಿ ಒಪ್ಪಂದದ ಬೇಡಿಕೆ ಇಳಿಸಿಕೊಳ್ಳುವುದನ್ನು ಯೋಚಿಸಿ. ಮುಂದೆ ಮೆಷಿನ್ ಸೇರಿಸುವ ಯೋಚನೆ ಇದ್ದರೆ ಹಾಗೇ ಬಿಡಿ.

11. ಮೇಲೇರುವ ಕೆಲಸ

ಇದನ್ನು ಯಾರೂ ಹಗುರವಾಗಿ ತಗೊಳ್ಳಬೇಡಿ. ಬಿದಿರಿನ ಏಣಿಗೆ ಇನ್ನೊಂದು ಏಣಿ ಕಟ್ಟಿ 9 ಮೀಟರ್ ಹತ್ತುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸಿಸರ್ ಲಿಫ್ಟ್ ಅಥವಾ ಬೂಮ್ ಲಿಫ್ಟ್ ಬಾಡಿಗೆಗೆ ತನ್ನಿ. ಸೊಂಟದ ಬೆಲ್ಟ್ ಸಾಲದು, ಪೂರ್ತಿ ಮೈಗೆ ಹಾಕುವ ಹಾರ್ನೆಸ್ ಬೇಕು. ಸಿಮೆಂಟ್ ಶೀಟಿನ ಮೇಲೆ, ಫೈಬರ್ ಶೀಟಿನ ಮೇಲೆ ಹಲಗೆ ಇಲ್ಲದೆ ಕಾಲಿಡಬಾರದು. ಮೇಲಿನಿಂದ ಗಟ್ಟಿಯಾಗಿ ಕಾಣುತ್ತದೆ, ತೂಕ ಬಿದ್ದರೆ ಬಿಸ್ಕತ್ತಿನ ಹಾಗೆ ಒಡೆಯುತ್ತದೆ.

ಎಂಸಿಬಿ ಆಫ್ ಮಾಡಿ ಬೀಗ ಹಾಕಿ, ಕೀ ಮೇಲೆ ಹತ್ತುವವರ ಜೇಬಿನಲ್ಲಿರಲಿ. ಕ್ರೇನ್ ಇರುವ ಶೆಡ್ಡಿನಲ್ಲಿ ಕ್ರೇನಿನ ಸಪ್ಲೈಯನ್ನೂ ಹಾಗೇ ಬೀಗ ಹಾಕಿ. ಕ್ರೇನ್ ದಾರಿಯ ಪಕ್ಕದ ಬರಿಯ ಕಂಡಕ್ಟರುಗಳಲ್ಲಿ ಕರೆಂಟ್ ಇರುತ್ತದೆ. ಕ್ರೇನ್ ಓಡಾಟಕ್ಕೆ ಕಟ್ಟಡವೇ ನಡುಗುವುದರಿಂದ ಪ್ರತಿ ಫಿಟ್ಟಿಂಗಿಗೂ ಚೈನಿನ ಜೊತೆ ಒಂದು ಸ್ಟೀಲ್ ವೈರ್ ಕಟ್ಟಿ, ಕೊಕ್ಕೆ ಬಿಟ್ಟರೂ ತಲೆ ಮೇಲೆ ಬೀಳಬಾರದು. ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಕೈಯಲ್ಲೇ ಮಾಡಿಸಿ, ಒಂದೊಂದು ಬೇ ಮುಗಿಸುತ್ತಾ ಹೋಗಿ, ಉತ್ಪಾದನೆ ಪೂರ್ತಿ ನಿಲ್ಲಿಸಬೇಕಾಗಿಲ್ಲ.

12. ಇಳಿಸಿದ ದೀಪಗಳು

ಟ್ಯೂಬ್‌ಲೈಟ್, ಸಿಎಫ್‌ಎಲ್, ಮೆಟಲ್ ಹಾಲೈಡ್ ಎಲ್ಲದರಲ್ಲೂ ಪಾದರಸ ಇದೆ. ಹಿಂದಿನ ಕಾಂಪೌಂಡಿನಲ್ಲಿ ಒಡೆದು ಹಾಕಿದರೆ ಅದು ಗಾಳಿಗೆ ಸೇರುತ್ತದೆ, ಮಳೆ ನೀರಿನ ಜೊತೆ ಕೆರೆಗೂ ಹೋಗುತ್ತದೆ. ನಮ್ಮ ಕೆರೆಗಳಿಗೆ ಈಗಾಗಲೇ ಸಾಕಾಗಿದೆ. ಬಂದ ಹೊಸ ಫಿಟ್ಟಿಂಗಿನ ಡಬ್ಬಗಳಲ್ಲೇ ಹಳೇ ದೀಪ ಒಡೆಯದಂತೆ ಇಟ್ಟು, 2022ರ ಇ-ತ್ಯಾಜ್ಯ ನಿಯಮದ ಪ್ರಕಾರ ನೋಂದಣಿ ಇರುವ ಮರುಬಳಕೆದಾರರಿಗೆ ಕೊಟ್ಟು ರಸೀದಿ ತಗೊಳ್ಳಿ. ಚೋಕಿನ ತಾಮ್ರಕ್ಕೆ ಗುಜರಿಯಲ್ಲಿ ಒಳ್ಳೇ ಬೆಲೆ ಇದೆ, ಅದನ್ನು ಬೇರೆ ಮಾರಿ.

13. ಮುಗಿದ ಮೇಲೆ

ಹೊಸ ದೀಪ ನೂರು ಗಂಟೆ ಉರಿದ ನಂತರ, ಅದೇ ಗುರುತುಗಳಲ್ಲಿ, ರಾತ್ರಿ ಹೊತ್ತು ಮತ್ತೆ ಲಕ್ಸ್ ಅಳೆಯಿರಿ. ಲೈಟಿಂಗ್ ಡಿಬಿಯ ಮೀಟರಿನ ಒಂದು ವಾರದ ರೀಡಿಂಗ್ ಹಳೇ ವಾರದ ಜೊತೆ ಹೋಲಿಸಿ. ಕಂಟ್ರಾಕ್ಟರಿಗೆ ಕೊನೆಯ ಕಂತು ಈ ಎರಡು ಕಾಗದ ಕೈಗೆ ಬಂದ ಮೇಲೆ ಕೊಡಿ, ಇದನ್ನು ಮೊದಲೇ ಒಪ್ಪಂದದಲ್ಲಿ ಬರೆದಿರಿ. ಐದು ವರ್ಷದ ವಾರಂಟಿಯಲ್ಲಿ ಡ್ರೈವರ್ ಸೇರಿದೆಯೇ, ಇಳಿಸಿ ಏರಿಸುವ ಕೂಲಿ ಯಾರದು ಅನ್ನೋದೂ ಅಲ್ಲೇ ಇರಲಿ. ಶೇಕಡಾ ಐದರಷ್ಟು ಡ್ರೈವರ್ ಅದೇ ಮಾಡೆಲ್‌ದು ಮೊದಲೇ ಕೊಂಡು ಇಡಿ. ಮೂರು ವರ್ಷದ ನಂತರ ಆ ಮಾಡೆಲ್ ಸಿಗುವುದಿಲ್ಲ.

ಧೂಳಿನ ಶೆಡ್ಡಿಗೆ ಮೂರು ತಿಂಗಳಿಗೊಮ್ಮೆ, ಉಳಿದದ್ದಕ್ಕೆ ಆರು ತಿಂಗಳಿಗೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ, ಹೀಟ್‌ಸಿಂಕ್ ಮೇಲಿನ ಧೂಳು ಬ್ರಷ್‌ನಿಂದ ತೆಗೆಯಿರಿ. ಶೆಡ್ಡಿನ ನಕ್ಷೆಯ ಒಂದು ಪ್ರತಿ, ಯಾವ ಎಂಸಿಬಿಗೆ ಯಾವ ಸಾಲು, ಯಾವ ಜಾಗದಲ್ಲಿ ಎಷ್ಟು ಲಕ್ಸ್, ಯಾವ ತಾರೀಖು ಅಳೆದದ್ದು, ಎಲ್ಲ ಬರೆದು ಲ್ಯಾಮಿನೇಟ್ ಮಾಡಿಸಿ ಡಿಬಿ ಬಾಗಿಲಿನ ಒಳಭಾಗಕ್ಕೆ ಅಂಟಿಸಿ. ಮುಂದಿನ ಸಲ ಮೆಷಿನ್ ಜಾಗ ಬದಲಾದಾಗ ಆ ಕಾಗದ ಹಿಡಿದೇ ದೀಪ ಸರಿಸಬಹುದು.